ಧನುರ್ಮಾಸದಲ್ಲಿ ಮಾಯವಾದ ಕಾರುಗಳು

ಹನ್ನೊಂದು ಸಾವಿರ ಕಾರುಗಳನ್ನು ನಾನೊಬ್ಬನೇ, ಒಂದೇ ವಾರದಲ್ಲಿ, ಹಾಡಹಗಲೇ ಮಾಯ ಮಾಡಿದ್ದೇನೆ. ಮಾಯ ಎಂದರೆ ಮಾಯ. ಸೋಮವಾರ ದೆಹಲಿಯ ಹೊರಗೆ ಸೋಹ್ನಾ ರಸ್ತೆಯ ನಮ್ಮ ಕಾರ್ಖಾನೆಯ ಅಂಗಳದಲ್ಲಿ ಒಂದು ಸೈಕಲ್ ನಿಲ್ಲಿಸಲು ಜಾಗವಿರಲಿಲ್ಲ. ಶನಿವಾರ ಅದೇ ಅಂಗಳದಲ್ಲಿ ಅರಾವಳಿ ಗುಡ್ಡದ ನವಿಲುಗಳು ಸಂಸಾರ ಸಮೇತ ವಾಕಿಂಗ್ ಹೊರಟಿದ್ದವು. ಲಂಡನ್ನಿನಿಂದ ಬಂದ ಬ್ಯಾಂಕಿನವರು ನನ್ನ ಕೈ ಕುಲುಕಿದರು ನೋಡಿ, ನನ್ನ ಬಲ ಭುಜ ಇವತ್ತಿಗೂ ಎಡ ಭುಜಕ್ಕಿಂತ ಒಂದು ಅಂಗುಲ ಕೆಳಗಿದೆ. ಅನುಮಾನವಿದ್ದವರು ಟೇಪು ಹಿಡಿದುಕೊಂಡು ಬರಬಹುದು.

ನನ್ನ ಮಾತಿಗೆ ನಮ್ಮ ಮನೆಯಲ್ಲಿ ಒಂದು ಸೂತ್ರವಿದೆ. ಮಗಳು ಇಂಚರಾ ಕಂಡುಹಿಡಿದದ್ದು. ಆಗ ಅವಳು ಐದನೇ ಕ್ಲಾಸು, ಹುಟ್ಟಿ ಬೆಳೆದದ್ದೆಲ್ಲ ದೆಹಲಿ. "ಪಪ್ಪಾ ಏನೇ ಹೇಳಿದ್ರೂ ಡಿವೈಡ್ ಬೈ ಟೆನ್, ಬಸ್," ಅನ್ನುತ್ತಿದ್ದಳು. ಹೆಂಡತಿ ಪದ್ಮಾ ಇನ್ನೂ ಬಿಗಿ. ಹತ್ತರಿಂದ ಭಾಗಿಸಿ ಉಳಿದದ್ದರಲ್ಲಿ ಅರ್ಧವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು. ನೆರೆಹೊರೆಯವರಿಗೂ ಈ ಸೂತ್ರ ಗೊತ್ತಿತ್ತು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ನಾನು ಹೇಳಿಕೊಂಡು ಖುಷಿಯಾಗಿದ್ದೆ, ಅವರು ಭಾಗಿಸಿಕೊಂಡು ಖುಷಿಯಾಗಿದ್ದರು.

ಯಶವಂತನಿಗೆ ಮಾತ್ರ ಈ ಭಾಗಾಕಾರವನ್ನು ಯಾರೂ ಹೇಳಿಕೊಡಲಿಲ್ಲ.

ಎರಡು ಸಾವಿರದ ಎಂಟರ ಚಳಿಗಾಲ ಅದು. ಸುಪರ್ಣ ಮೋಟರ್ಸ್‌ನಲ್ಲಿ ನಾನು ಟ್ರಾನ್ಸ್‌ಪೋರ್ಟ್ ವಿಭಾಗದವನು. ಕಾರ್ಡಿನಲ್ಲಿ 'ಏಕನಾಥ, ಸೀನಿಯರ್ ಅಸಿಸ್ಟೆಂಟ್' ಎಂದು ಅಚ್ಚಾಗಿತ್ತು. ಅದು ಅಚ್ಚು ಹಾಕಿದವನ ಕಣ್ತಪ್ಪು. ನಾನಿಲ್ಲದೆ ಅಲ್ಲಿ ಒಂದು ಚಕ್ರ ಉರುಳುತ್ತಿರಲಿಲ್ಲ. ನೌಕರರನ್ನು ತರುವ ಬಸ್ಸುಗಳು ನನ್ನವು. ತಯಾರಾದ ಕಾರನ್ನು ಅಂಗಳಕ್ಕೂ, ಅಂಗಳದಿಂದ ಟ್ರೇಲರಿಗೂ ಓಡಿಸುವ ಡ್ರೈವರುಗಳು ನನ್ನವರು. ಸಂಜೆಯಾದರೆ ಕಿದ್ವಾಯಿ ನಗರದ ನನ್ನ ಸರ್ಕಾರಿ ಬಂಗಲೆಗೆ ಬರುತ್ತಿದ್ದೆ. ಬಂಗಲೆ ಎಂದರೆ ಎರಡು ಕೋಣೆಯ ಕ್ವಾರ್ಟರ್ಸು, ಅದೂ ಮಿನಿಸ್ಟ್ರಿಯಲ್ಲಿ ಕ್ಲರ್ಕಾಗಿದ್ದ ಪದ್ಮಾಳ ಹೆಸರಿನಲ್ಲಿ. ಇದನ್ನು ಸೇರಿಸದಿದ್ದರೆ ಅವಳು ಬಿಡುವುದಿಲ್ಲ.

ಆ ವರ್ಷ ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತು, ಇಲ್ಲಿ ಕಾರಿಗೆ ಸಾಲ ಕೊಡುವವರು ಶಟರ್ ಎಳೆದುಕೊಂಡರು. ಧನತೇರಸ್ ಬಂತು, ದೀಪಾವಳಿ ಬಂತು, ಗಿರಾಕಿ ಬರಲಿಲ್ಲ. ಶೋರೂಮಿನ ಹುಡುಗಿಯರು ಗಾಜು ಒರೆಸಿ ಒರೆಸಿ ಗಾಜೇ ತೆಳ್ಳಗಾಯಿತು. ಕಂಪನಿ ಪ್ರತಿ ತಿಂಗಳೂ ನಷ್ಟದಲ್ಲಿ ಮುಳುಗುತ್ತಿತ್ತು. ಆದರೂ ಲೈನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಪೇಪರಿನಲ್ಲಿ ಬರುತ್ತದೆ, ಪೇಪರಿನಲ್ಲಿ ಬಂದರೆ ಬ್ಯಾಂಕಿನವರು ಓಡಿಹೋಗುತ್ತಾರೆ. ಹಾಗಾಗಿ ಕೊಳ್ಳುವವರಿಲ್ಲದ ಕಾರುಗಳನ್ನು ಎರಡು ಶಿಫ್ಟಿನಲ್ಲೂ ತಯಾರಿಸಿ, ತೊಳೆದು, ಅಂಗಳದಲ್ಲಿ ನಿಲ್ಲಿಸುತ್ತಿದ್ದೆವು.

ನಮ್ಮಲ್ಲಿ ಬ್ಯಾಲೆನ್ಸ್ ಶೀಟ್ ಓದುವವರಿರಲಿಲ್ಲ. ಎಲ್ಲರೂ ಅಂಗಳ ಓದುತ್ತಿದ್ದರು. ಕ್ಯಾಂಟೀನಿನ ಉದ್ದನೆಯ ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ತಟ್ಟೆ ಹಿಡಿದು ಕೂರುವ ಮುಂಚೆ ಪ್ರತಿಯೊಬ್ಬನೂ ಒಮ್ಮೆ ಆ ಕಡೆ ನೋಡಬೇಕು. ಅಂಗಳ ತುಂಬಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಖಾಲಿ ಇದ್ದರೆ ಇನ್ನೊಂದು ರೊಟ್ಟಿ. ಮೇಲಿನವರು ಮೈಕಿನಲ್ಲಿ ಏನೇ ಭರವಸೆ ಕೊಟ್ಟರೂ ನಮ್ಮ ಜನ ನಂಬುತ್ತಿದ್ದದ್ದು ಆ ಕಿಟಕಿಯನ್ನು ಮಾತ್ರ.

ಯಶವಂತ ಅದೇ ಕ್ಯಾಂಟೀನಿನಲ್ಲಿ ನನಗೆ ಸಿಕ್ಕಿದವನು. ದಾವಣಗೆರೆಯವನು, ಪೇಂಟ್ ಶಾಪಿನಲ್ಲಿ ಇಂಜಿನಿಯರು, ಎರಡನೇ ಶಿಫ್ಟು. ಎದುರಿಗೆ ಕೂತವನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ನಾನೇ ಹೋಗಿ ಬೆನ್ನು ತಟ್ಟಿದೆ. ಅವತ್ತಿನಿಂದ ನಾನು ಅವನಿಗೆ 'ಸರ್'. ಕಂಪನಿಯಲ್ಲಿ ನನ್ನನ್ನು ಸರ್ ಎಂದು ಕರೆದವನು ಅವನೊಬ್ಬನೇ. ಉಳಿದವರಿಗೆಲ್ಲ ನಾನು 'ಬಸ್ ವಾಲೇ ಬಾಬು'.

ಅವನ ಹೆಂಡತಿ ಧಾರಿಣಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮುನಿರ್ಕಾದ ಒಂದು ಮೇಲ್ಮಹಡಿಯ ಕೋಣೆಯಲ್ಲಿ ಸಂಸಾರ. ಬಸುರಿ. ಭಾನುವಾರ ಇಬ್ಬರೂ ನಮ್ಮ ಮನೆಗೆ ಬರುತ್ತಿದ್ದರು.

ಯಶವಂತ ಆ ವರ್ಷ ಒಂದು ಬಣ್ಣ ತಯಾರಿಸಿದ್ದ. ಕಾರ್ಖಾನೆಯ ಬೇಲಿಯ ಬಳಿ ಬಿದ್ದಿದ್ದ ನವಿಲುಗರಿಯೊಂದನ್ನು ತಂದು, ಅದರ ಕಣ್ಣಿನ ನೀಲಿಯನ್ನೇ ಕಾರಿಗೆ ಇಳಿಸಬೇಕೆಂದು ತಿಂಗಳುಗಟ್ಟಲೆ ಒದ್ದಾಡಿದ್ದ. ನೆರಳಲ್ಲಿ ನೀಲಿ, ಬಿಸಿಲಿಗೆ ಬಂದರೆ ಒಳಗಿನಿಂದ ಹಸಿರು ಏಳಬೇಕು. ಎದ್ದಿತು. ಕಂಪನಿಯವರು ಅದಕ್ಕೆ 'ಮಯೂರ್ ಬ್ಲೂ' ಎಂದು ಹೆಸರಿಟ್ಟು ನವೆಂಬರಿನಿಂದ ಕಾರುಗಳಿಗೆ ಹೊಡೆಯಲು ಶುರುಮಾಡಿದರು. ಆಮೇಲೆ ಯಶವಂತನಿಗೂ ಇಂಚರಾಗೂ ಒಂದು ಆಟ ಬಿತ್ತು. ರಸ್ತೆಯಲ್ಲಿ ಮೊದಲ ಮಯೂರ್ ಬ್ಲೂ ಕಾರನ್ನು ಕಂಡವರಿಗೆ ಚಾಕೊಲೇಟು. ಅವನ ಜೇಬಿನಲ್ಲಿ ಅದು ಯಾವಾಗಲೂ ಇರುತ್ತಿತ್ತು. ರಿಂಗ್ ರೋಡಿನಲ್ಲಿ, ಐಎನ್‌ಎ ಮಾರ್ಕೆಟ್ಟಿನ ಮುಂದೆ, ಇಂಡಿಯಾ ಗೇಟಿನ ಹತ್ತಿರ ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದ್ದೇ ನೋಡಿದ್ದು. ಒಂದೂ ಕಾಣಲಿಲ್ಲ.

"ಅಂಗಳದಿಂದ ಟ್ರೇಲರ್ ಹತ್ತಿದವೆಲ್ಲ ಎಲ್ಲಿ ಹೋದವು ಸರ್?" ಎಂದು ಒಂದು ದಿನ ಕೇಳಿದ.

"ಲೂಧಿಯಾನ!" ಅಂದೆ. ಬಾಯಿಗೆ ಬಂದ ಊರು ಅದು. "ಪಂಜಾಬಿನ ಡಾಕ್ಟರುಗಳೆಲ್ಲ ಸಾಲು ನಿಂತು ಎತ್ತಿಕೊಂಡು ಹೋಗ್ತಾ ಇದ್ದಾರೆ ಕಣಯ್ಯಾ. ನಿನ್ನ ಬಣ್ಣ ನೋಡಿ ಒಬ್ಬ ಸರ್ದಾರ್ಜಿ ಶೋರೂಮಿನಲ್ಲೇ ಅತ್ತುಬಿಟ್ಟನಂತೆ."

ಅವನು ತಲೆ ತಗ್ಗಿಸಿ ನಕ್ಕ. ಆ ನಗು ನೋಡಿದ ಮೇಲೆ ನಾನು ಇನ್ನೂ ನಾಲ್ಕು ಸರ್ದಾರ್ಜಿಗಳನ್ನು ಅಳಿಸಿದೆ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಲಂಡನ್ನಿನ ಬ್ಯಾಂಕಿನವರು ಕಾರ್ಖಾನೆ ನೋಡಲು ಬರುತ್ತಾರೆ. ಕಂಪನಿಗೆ ಮತ್ತೆ ಬಂಡವಾಳ ಹಾಕುವುದೋ ಬೇಡವೋ ಎಂದು ನೋಡಿ ತೀರ್ಮಾನಿಸುತ್ತಾರೆ. ನಮ್ಮ ಸಾಹೇಬರು ಖುರಾನಾ ಕಿಟಕಿಯಿಂದ ಅಂಗಳ ನೋಡಿ ಬೆವರಿದರು. ಚಳಿಯಲ್ಲಿ ಬೆವರಿದ ಮನುಷ್ಯನನ್ನು ನಾನು ಅವತ್ತೇ ಕಂಡದ್ದು.

ಆಗ ನಾನು ಎದ್ದು ನಿಂತು ಹೇಳಿದೆ: "ಸಾಹೇಬ್, ಇದು ಧನುರ್ಮಾಸ. ನಿಮ್ಮ ಕಡೆ ಖರ್‌ಮಾಸ್ ಅಂತೀರಿ. ಸಂಕ್ರಾಂತಿಯವರೆಗೆ ಇಡೀ ದೆಹಲಿಯಲ್ಲಿ ಒಂದು ಮದುವೆಯಿಲ್ಲ. ಮೆಹ್ರೌಲಿ ಕಡೆಯ ಮದುವೆ ಲಾನುಗಳೆಲ್ಲ ಖಾಲಿ ಬಿದ್ದಿವೆ. ಕಾಂಪೌಂಡು ಎತ್ತರ, ಗೇಟು ಅಗಲ, ಕುದುರೆಯ ಮೇಲೆ ಮದುಮಗ ಹೋಗುವಲ್ಲಿ ಕಾರು ಹೋಗುವುದಿಲ್ಲವೇ?" ಖುರಾನಾ ನನ್ನನ್ನು ತಬ್ಬಿಕೊಂಡರು. ಒಂದು ವಾರ ನನ್ನ ಡ್ರೈವರುಗಳು ಮಂಜಿನಲ್ಲಿ ಹೆಡ್‌ಲೈಟು ಹಾಕಿಕೊಂಡು ಸಾಲುಸಾಲಾಗಿ ಹೊರಟರು. ಹಾದಿಯಲ್ಲಿ ಜನ ಇದ್ಯಾವ ಮಂತ್ರಿಯ ಮೆರವಣಿಗೆ ಎಂದು ಕೈ ಮುಗಿದರಂತೆ. ದಹಿಯಾ ಎಂಬಾತನ ರಾಜರಾಣಿ ಲಾನಿನಲ್ಲಿ, ಹುಲ್ಲಿನ ಮೇಲೆ, ಮದುಮಕ್ಕಳ ಸಿಂಹಾಸನದ ಎದುರಿಗೆ ನಮ್ಮ ಕಾರುಗಳು ಊಟಕ್ಕೆ ಕೂತ ಬೀಗರಂತೆ ಕೂತವು. ಮಯೂರ್ ಬ್ಲೂಗಳೆಲ್ಲ ಅಲ್ಲೇ. ಸಂಕ್ರಾಂತಿಯ ಹೊತ್ತಿಗೆ ವಾಪಸು ಒಯ್ಯುತ್ತೇವೆ ಎಂದು ದಹಿಯಾನಿಗೆ ನಾನು ಮಾತು ಕೊಟ್ಟೆ.

ಲಂಡನ್ನಿನವರು ಬಂದರು. ಖಾಲಿ ಅಂಗಳ ನೋಡಿದರು, ನವಿಲಿನ ಫೋಟೋ ತೆಗೆದರು, "ನೋಡಿ ಹೇಳುತ್ತೇವೆ" ಎಂದು ಹೋದರು.

ಆದರೆ ಆ ಕಿಟಕಿಯಿಂದ ನೋಡಿದವರು ಲಂಡನ್ನಿನವರು ಮಾತ್ರವಲ್ಲ. ಆ ವಾರ ಕ್ಯಾಂಟೀನಿನಲ್ಲಿ ರೊಟ್ಟಿ ಸಾಲಲಿಲ್ಲ. ಕಾರು ಹೋದದ್ದು ಎಲ್ಲಿಗೆಂದು ಡ್ರೈವರುಗಳಿಗೆ ಬಾಯಿ ಬಿಡದಂತೆ ಹೇಳಿದ್ದೆವು. ಎರಡು ಶಿಫ್ಟಿನ ಜನರೂ ಖಾಲಿ ಅಂಗಳ ಓದಿ, ಕಂಪನಿ ಬದುಕಿತು ಎಂದು ಒಬ್ಬರಿಗೊಬ್ಬರು ಬೆಲ್ಲ ತಿನ್ನಿಸಿದರು.

ಮುಂದಿನ ಭಾನುವಾರ ಯಶವಂತ ಮತ್ತು ಧಾರಿಣಿ ಬಂದರು. ಕ್ವಾರ್ಟರ್ಸಿನ ಮುಂದಿನ ಹುಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಚಾಪೆ ಹಾಸಿ ಕೂತಿದ್ದೆವು. ಪದ್ಮಾ ಹಸಿ ಬಟಾಣಿ ಹಾಕಿದ ಉಪ್ಪಿಟ್ಟು ತಂದಿಟ್ಟಳು. ಯಶವಂತ ಚಮಚ ಮುಟ್ಟಲಿಲ್ಲ.

"ಸರ್, ಫರೀದಾಬಾದಿನ ಟ್ರ್ಯಾಕ್ಟರ್ ಕಂಪನಿಯವರು ಕರೆದಿದ್ದಾರೆ. ಈ ವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕು."

"ಟ್ರ್ಯಾಕ್ಟರಾ?" ಅಂದೆ. "ಅದಕ್ಕೆ ಜನ್ಮಕ್ಕೊಂದೇ ಬಣ್ಣ. ಕೆಂಪು ಬಳಿ, ಮನೆಗೆ ಹೋಗು. ನೀನೇನು ಕೆಮ್ಮಣ್ಣು ಸಾರಿಸೋನಾ?"

ಯಶವಂತ ನಕ್ಕ. ಧಾರಿಣಿ ನಗಲಿಲ್ಲ. "ಬಣ್ಣ ಒಂದೇ ಆದ್ರೂ ರೈತರು ಕೊಳ್ಳೋದು ನಿಲ್ಸಿಲ್ಲ ಸರ್," ಅಂದಳು. "ಏಪ್ರಿಲ್‌ನಲ್ಲಿ ಮಗು ಬರುತ್ತೆ. ನನ್ನ ಫೆಲೋಶಿಪ್ಪು ಮಾರ್ಚಿಗೆ ಮುಗಿಯತ್ತೆ. ಇವರು ನಿಮ್ಮ ಮಾತು ಕೇಳ್ತಾರೆ, ನನ್ನ ಮಾತು ಕೇಳಲ್ಲ. ನೀವೇ ಹೇಳ್ಬಿಡಿ. ಇರೋದಾ, ಹೋಗೋದಾ?"

"ಅಂಗಳ ಖಾಲಿ ಆಗಿದೆ ಧಾರಿಣಿ, ನಾನೇ ನೋಡಿದೀನಿ," ಅಂದ ಯಶವಂತ. ಆಮೇಲೆ ನನ್ನ ಕಡೆ ತಿರುಗಿದ. "ಮಾರಾಟ ಆಯ್ತಲ್ವಾ ಸರ್?"

ಪದ್ಮಾ ಉಪ್ಪಿಟ್ಟಿನ ಪಾತ್ರೆ ಹಿಡಿದು ನಿಂತಿದ್ದವಳು ನನ್ನನ್ನೇ ನೋಡುತ್ತಿದ್ದಳು.

ದೇವರಾಣೆ ಹೇಳುತ್ತೇನೆ, ಕಂಪನಿಯ ಮುಂದಿನ ಗತಿ ಏನೆಂದು ಆಗ ನನಗೂ ಏನೂ ಗೊತ್ತಿರಲಿಲ್ಲ. ಕಾರು ಅಡಗಿಸಿಟ್ಟದ್ದು ಗೊತ್ತಿತ್ತು, ನಿಜ. ಆದರೆ ಅದು ಕಂಪನಿಯ ಗುಟ್ಟು. ಬ್ಯಾಂಕಿನವರು ಹಣ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ: "ಮಾರಾಟವಾ? ಬಾಚಿಕೊಂಡು ಹೋದರಯ್ಯಾ! ಒಂದೇ ವಾರ! ನನ್ನ ಡ್ರೈವರುಗಳ ಅಂಗೈಯಲ್ಲಿ ಗುಳ್ಳೆ ಎದ್ದಿದೆ ಸ್ಟೀರಿಂಗ್ ಹಿಡಿದು. ಮುಂದಿನ ವರ್ಷ ಮೂರನೇ ಶಿಫ್ಟು ಶುರುವಾಗತ್ತೆ, ಪೇಂಟ್ ಶಾಪಿಗೆ ನೀನೇ ಯಜಮಾನ. ಖುರಾನಾ ನನ್ನ ಕಿವಿಯಲ್ಲೇ ಹೇಳಿದಾರೆ."

ಯಶವಂತ ಧಾರಿಣಿಯ ಕಡೆ ನೋಡಿ, ಕೇಳಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಆಮೇಲೆ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದ. ಪದ್ಮಾ ನನ್ನ ಕಡೆ ನೋಡದೆ ಬಡಿಸಿದಳು.

ಸೋಮವಾರ ಅವನು ಟ್ರ್ಯಾಕ್ಟರಿನವರಿಗೆ ಊಹೂಂ ಅಂದ.

ಸಂಕ್ರಾಂತಿ ಬಂತು, ಹೋಯಿತು. ಕಾರುಗಳು ಮಾತ್ರ ರಾಜರಾಣಿ ಲಾನಿನಿಂದ ಅಲ್ಲಾಡಲಿಲ್ಲ. ಜನವರಿಯಲ್ಲಿ ಮಾರಾಟ ಒಂಚೂರು ಏರಿತ್ತು, ಖುರಾನಾ ಲಡ್ಡು ಹಂಚಿದ್ದರು. ಆದರೆ ಗಿರಾಕಿಗಳಿಗೆ ಬೇಕಾದದ್ದು ಹೊಸ ವರ್ಷದಲ್ಲಿ ತಯಾರಾದ ಕಾರು. ಡಿಸೆಂಬರ್ ಮೂವತ್ತೊಂದಕ್ಕೆ ಹೊಸದಾಗಿದ್ದ ಕಾರು ಜನವರಿ ಒಂದಕ್ಕೆ 'ಹೋದ ವರ್ಷದ್ದು' ಆಗಿಬಿಡುತ್ತದೆ. ಮುಂದೆ ಮಾರುವಾಗ ಬೆಲೆ ಬರುವುದಿಲ್ಲವೆಂದು ಯಾರೂ ಮುಟ್ಟುವುದಿಲ್ಲ. ನಾವು ಅಡಗಿಸಿಟ್ಟದ್ದೆಲ್ಲ ಹೋದ ವರ್ಷದವು. ಹೊಸ ಕಾರುಗಳು ಅಂಗಳಕ್ಕೆ ಬಂದು ಕೂತಮೇಲೆ ಇವಕ್ಕೆ ಅಲ್ಲೂ ಜಾಗವಿಲ್ಲ. "ಅಲ್ಲೇ ಇರಲಿ ಬಿಡು," ಅಂದರು ಖುರಾನಾ. ದಹಿಯಾ ದಿನಾ ಫೋನಿನಲ್ಲಿ ಬೈಯುತ್ತಿದ್ದ. ಕೊನೆಗೆ ಕಾರುಗಳನ್ನೆಲ್ಲ ಲಾನಿನ ಹಿಂದಿನ ಅರ್ಧಕ್ಕೆ ತಳ್ಳಿ, ಮುಂದಿನ ಅರ್ಧದಲ್ಲಿ ಮದುವೆ ನಡೆಸತೊಡಗಿದ. ನಡುವೆ ಒಂದು ಗುಲಾಬಿ ಸ್ಯಾಟಿನ್ ಪರದೆ, ಈ ತುದಿಯಿಂದ ಆ ತುದಿಯವರೆಗೆ.

ಇಷ್ಟರಲ್ಲಿ ಧಾರಿಣಿಗೆ ಏಳು ತಿಂಗಳಾಗಿತ್ತು. ಅವಳ ತಾಯಿ ಶಾರದಮ್ಮ ಊರಿನಿಂದ ಹಸಿರು ಬಳೆ, ಕೊಬ್ಬರಿ ಬಟ್ಟಲು ಎಲ್ಲ ಕಟ್ಟಿಕೊಂಡು ರೈಲಿನಲ್ಲಿ ಬಂದಿಳಿದರು. ಸೀಮಂತ ಎಲ್ಲಿ ಮಾಡುವುದೆಂದು ಮಾತು ಬಂತು.

"ನಮ್ಮ ಮನೇಲೇ ಮಾಡೋಣ, ಇಪ್ಪತ್ತು ಜನ ಹಿಡಿಯತ್ತೆ," ಅಂದಳು ಪದ್ಮಾ.

ನನಗೇನು ಬಂದಿತ್ತು ಕೇಡುಗಾಲ! ಯಶವಂತನ ಅತ್ತೆ ಎದುರಿಗೆ ಕೂತಿದ್ದಾರೆ, ಆಗಷ್ಟೇ "ನಮ್ಮ ಹುಡುಗನಿಗೆ ನೀವೇ ಇಲ್ಲಿ ದೊಡ್ಡೋರು" ಎಂದಿದ್ದಾರೆ. ಎರಡು ಕೋಣೆಯಲ್ಲಿ ಇಪ್ಪತ್ತು ಜನ ಎಂಬ ಮಾತು ನನ್ನ ಕಿವಿಗೆ ಅವಮಾನದಂತೆ ಕೇಳಿಸಿತು.

"ಛೆ ಛೆ! ಮೆಹ್ರೌಲಿಯಲ್ಲಿ ಒಂದು ಲಾನೇ ಇದೆ ನನ್ನ ಕೈಯಲ್ಲಿ," ಅಂದೆ. "ಓನರು ನಾನು ಕೂರು ಅಂದರೆ ಕೂರ್ತಾನೆ. ಎರಡು ಸಾವಿರ ಜನ ಹಿಡಿಯತ್ತೆ."

"ಎರಡು ನೂರು," ಎಂದು ಇಂಚರಾ ಪಿಸುಗುಟ್ಟಿದಳು.

ಹೇಳಿದ ಮೇಲೆ ಹಿಂದೆ ಸರಿಯುವುದು ನನ್ನ ಜಾತಕದಲ್ಲಿಲ್ಲ. ದಹಿಯಾನ ಕಾಲಿಗೆ ಬಿದ್ದೆ. ವಸಂತ ಪಂಚಮಿಯ ಮಾರನೆಯ ದಿನ ಭಾನುವಾರ. ಹಿಂದಿನ ದಿನದ ಮದುವೆಯ ಹೂವು, ಪರದೆ, ಎಲ್ಲ ಹಾಗೇ ಇರುತ್ತದೆ. ಮಧ್ಯಾಹ್ನ ಮೂರರೊಳಗೆ ಮುಗಿಸಿಕೊಂಡು ಹೋಗು ಎಂದ. ಪರದೆ ಚೆನ್ನಾಗಿ ಬಿಗಿದಿರಲಿ ಎಂದು ನಾನೇ ಬೆಳಿಗ್ಗೆ ಹೋಗಿ ಗಂಟುಗಳನ್ನು ಎಳೆದು ನೋಡಿ ಬಂದೆ. ಮಾಯ ಮಾಡಿದವನಿಗೆ ಮುಚ್ಚಿಡುವುದು ಯಾವ ಲೆಕ್ಕ?

ಸೀಮಂತ ಸೊಗಸಾಗಿಯೇ ನಡೆಯಿತು. ಯಾರದೋ ಮದುಮಗಳ ಸಿಂಹಾಸನದಲ್ಲಿ ಧಾರಿಣಿ ಹಸಿರು ಸೀರೆ ಉಟ್ಟು ಕೂತಿದ್ದಳು. ಆರ್.ಕೆ.ಪುರಂನಿಂದ ಬಂದ ಕನ್ನಡದ ಹೆಂಗಸರು ಬಳೆ ತೊಡಿಸಿ ಹಾಡು ಹೇಳಿದರು. ಬಿಳಿ ಜುಬ್ಬಾ ಹಾಕಿದ ಯಶವಂತ ಮದುಮಗನಿಗಿಂತ ಹೆಚ್ಚು ನಾಚುತ್ತಿದ್ದ. ನಾನು ಪರದೆಗೆ ಬೆನ್ನು ಕೊಟ್ಟು, ಸಿಪಾಯಿಯ ಹಾಗೆ, ಕಾಫಿಗೂ ಕದಲದೆ ನಿಂತಿದ್ದೆ.

"ಬನ್ನಿ ಏಕನಾಥರೇ, ಕೂತ್ಕೊಳ್ಳಿ," ಎಂದು ಶಾರದಮ್ಮ ಕರೆದರು. "ಹೆತ್ತ ಅಪ್ಪನಾದ್ರೂ ಇಷ್ಟು ಓಡಾಡ್ತಿರ್ಲಿಲ್ಲ."

ಆ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ನಾನು ಮೀನು ತಿನ್ನುವವನಲ್ಲ, ಆದರೂ ಹಾಗೇ ಇರಬೇಕು ಅದು.

ಪದ್ಮಾ ಧಾರಿಣಿಯ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ತುಂಬುತ್ತಿದ್ದಳು. ನಾನು ಆ ತುದಿ ಕಾಯುತ್ತಿದ್ದರೆ ಇಂಚರಾ ಈ ತುದಿಯಲ್ಲಿ ಬೇರೆ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತಾ ಪರದೆಯ ಕೆಳಗೆ ನುಸುಳಿದ್ದಳು. ಅವಳ ಕೂಗು ಕೇಳಿದಾಗಲೇ ನನಗೆ ಗೊತ್ತಾದದ್ದು.

"ಯಶವಂತ್ ಅಂಕಲ್! ಮಿಲ್ ಗಯಾ! ಮಯೂರ್ ಬ್ಲೂ ಮಿಲ್ ಗಯಾ!" ಪರದೆಯ ಅಡಿಯಿಂದ ಹೊರಬಂದವಳ ಅಂಗೈಯೆಲ್ಲ ಧೂಳು. ಖುಷಿಗೆ ಕುಣಿಯುತ್ತಿದ್ದಳು. "ಒಂದಲ್ಲ ಅಂಕಲ್, ಬಹುತ್ ಸಾರೇ! ನಾನೇ ಫಸ್ಟ್ ನೋಡಿದ್ದು! ಚಾಕೊಲೇಟ್ ಕೊಡಿ!"

ಯಶವಂತ ನಗುತ್ತಲೇ ಎದ್ದ. ನಗುತ್ತಲೇ ಅವಳ ಹಿಂದೆ ಹೋಗಿ ಪರದೆ ಎತ್ತಿದ. ನಾನು ಓಡಿದೆ. ಎಂದೂ ಯಾರೂ ಓಡದಷ್ಟು ಜೋರಾಗಿ ಓಡಿದೆ ಎಂದು ಬರೆಯಬಹುದು. ನಿಜವೆಂದರೆ ಮೊಣಕಾಲು ಕೈಕೊಟ್ಟಿತು, ಅವನು ಒಳಗೆ ಹೋಗಿ ತುಂಬಾ ಹೊತ್ತಾದ ಮೇಲೆ ನಾನು ತಲುಪಿದೆ.

ಸಾಲುಸಾಲಾಗಿ ನಿಂತಿದ್ದವು. ಒಂದು ಕಾರಿನ ಬಾನೆಟ್ಟಿನ ಮೇಲೆ ಎಂಜಲು ಪ್ಲೇಟುಗಳ ರಾಶಿ. ಒಂದರ ಕನ್ನಡಿಗೆ ಅಡಿಗೆಯವನ ಒದ್ದೆ ಟವೆಲ್ಲು. ಎಲ್ಲದರ ಮೇಲೂ ದೆಹಲಿಯ ಚಳಿಗಾಲದ ಬೂದು ಧೂಳು, ಅದರ ಮೇಲೆ ನಿನ್ನೆಯ ಮದುವೆಯ ಗುಲಾಬಿ ಪಕಳೆ. ಇಂಚರಾ ಕೈಯಾಡಿಸಿದ ಕಡೆ ಮಾತ್ರ ಐದು ಬೆರಳಿನಷ್ಟು ನೀಲಿ ಕಾಣುತ್ತಿತ್ತು.

ಯಶವಂತ ಜುಬ್ಬಾದ ತೋಳಿನಿಂದ ಧೂಳು ಒರೆಸಿದ. ನೀಲಿಯ ಒಳಗಿನಿಂದ ಹಸಿರು ಎದ್ದಿತು. ಅಭ್ಯಾಸಬಲದಿಂದ ಬಾಗಿಲಿನ ಅಂಚಿಗೆ ಬೆರಳು ಸವರಿ, ಬಣ್ಣ ಎಲ್ಲಾದರೂ ಹನಿಗಟ್ಟಿ ಇಳಿದಿದೆಯೇ ಎಂದು ನೋಡಿದ. ಇಳಿದಿರಲಿಲ್ಲ. ಮೊದಲು ಜೇಬಿಗೆ ಕೈ ಹಾಕಿ ಚಾಕೊಲೇಟು ತೆಗೆದು ಇಂಚರಾಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಇದು ಲೂಧಿಯಾನಾನಾ ಸರ್?"

"ಅಯ್ಯೋ, ಇವಾ?" ಅಂದೆ. ಬಾಯಿ ತನ್ನಷ್ಟಕ್ಕೆ ಓಡತೊಡಗಿತು. "ಇವು ಎಕ್ಸ್‌ಪೋರ್ಟಿಗೆ! ದುಬೈ ಶೇಖ್ ಒಬ್ಬ..."

"ದುಬೈಯಲ್ಲಿ ಸ್ಟೀರಿಂಗ್ ಎಡಗಡೆ ಇರುತ್ತೆ ಸರ್."

"ದುಬೈ ಅಂದ್ನಾ? ಶ್ರೀಲಂಕಾ. ಕೊಲಂಬೋದಲ್ಲಿ..."

"ಸಾಕು ಮಾಡ್ರಿ."

ಪದ್ಮಾ. ಪರದೆ ಎತ್ತಿ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಧಾರಿಣಿ, ತುಂಬಿದ ಮಡಿಲನ್ನು ಎರಡೂ ಕೈಯಲ್ಲಿ ಅವಚಿಕೊಂಡು. ಕಾರುಗಳನ್ನು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅವತ್ತು ನಾನು ಕೇಳಿದ್ದೆ," ಅಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನೋಡಮ್ಮಾ, ಕಂಪನಿ ಗುಟ್ಟು ಅದು. ಮುಂದೇನಾಗತ್ತೆ ಅಂತ ಆಗ ನನಗೂ ಗೊತ್ತಿರ್ಲಿಲ್ಲ, ದೇವರಾಣೆ..."

"ಬಸ್ಸಿನ ವಿಷ್ಯ ನನಗೆ ಹೇಳಿದ್ದು ಯಾವತ್ತು?" ಎಂದು ಪದ್ಮಾ ಕೇಳಿದಳು. "ಅವರು ಉಪ್ಪಿಟ್ಟಿಗೆ ಬರೋಕೆ ಮುಂಚೆಯೋ, ಆಮೇಲೋ? ಹೇಳಿ. ಇಲ್ದಿದ್ರೆ ನಾನು ಹೇಳ್ತೀನಿ. ನಾನೂ ಅವತ್ತು ಬಾಯಿ ಹೊಲ್ಕೊಂಡು ಬಡಿಸ್ದೋಳೇ. ನನಗೆ ದಿನಾ ನಿದ್ದೆ ಬರ್ತಿಲ್ಲ."

ಯಶವಂತ ನನ್ನನ್ನೇ ನೋಡುತ್ತಿದ್ದ. ಇನ್ನೂ ಆ ಕಣ್ಣಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ 'ಸರ್' ಉಳಿದಿತ್ತು. ನಾನು ಏನಾದರೂ ಹೇಳಿಬಿಟ್ಟರೆ ನಂಬಲು ಸಿದ್ಧನಿದ್ದ. ಅದೇ ನನ್ನನ್ನು ಕೊಂದದ್ದು.

ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ; ಮೇಲೆ ದೇವರಾಣೆ ಹಾಕಿದ್ದನ್ನು ಒರೆಸಿ ಹಾಕಿ.

ಹನ್ನೊಂದು ಸಾವಿರ ಕಾರಲ್ಲ. ಹತ್ತರಿಂದ ಭಾಗಿಸಿದರೂ ಅದು ಸುಳ್ಳೇ; ಮುನ್ನೂರಕ್ಕೂ ಕಡಿಮೆ. ಲಂಡನ್ನಿನವರು ನನ್ನ ಕೈ ಕುಲುಕಲಿಲ್ಲ, ಅವರು ಬಂದಾಗ ನಾನು ಗೇಟಿನ ಹೊರಗೆ ಬಸ್ಸುಗಳ ಹತ್ತಿರ ನಿಂತಿದ್ದೆ. ಧನುರ್ಮಾಸದ ಉಪಾಯವೂ ನನ್ನದಲ್ಲ. ಲಾನು ಖಾಲಿಯಿದೆ ಎಂದು ದಹಿಯಾನೇ ಖುರಾನಾಗೆ ಫೋನು ಮಾಡಿದ್ದ. ಡ್ರೈವರುಗಳನ್ನು ಕಳಿಸು ಎಂದರು, ಕಳಿಸಿದೆ. ಮೂರನೇ ಶಿಫ್ಟೂ ಇಲ್ಲ, ಕಿವಿಯಲ್ಲಿ ಹೇಳಿದ್ದೂ ಇಲ್ಲ. ಖುರಾನಾ ನನಗೆ ಹೇಳಿದ್ದು ಒಂದೇ ಮಾತು, ಅದೂ ಆ ಉಪ್ಪಿಟ್ಟಿನ ಭಾನುವಾರಕ್ಕೆ ಮುಂಚೆ, ನನ್ನ ಮುಖ ಕೂಡ ನೋಡದೆ: ಮಾರ್ಚಿನಿಂದ ಎರಡನೇ ಶಿಫ್ಟಿನ ಬಸ್ಸುಗಳು ಬೇಡ, ಬಸ್ಸಿನವರಿಗೆ ತಿಳಿಸಿಬಿಡು.

"ಬಸ್ಸು ಬೇಡ ಅಂದ್ರೆ..." ಎಂದು ಯಶವಂತ ಶುರುಮಾಡಿ ನಿಲ್ಲಿಸಿದ. ಅವನು ಎರಡನೇ ಶಿಫ್ಟಿನವನು.

"ಹೂಂ," ಅಂದೆ. "ಗೊತ್ತಿತ್ತು. ನೀನು ಕೇಳಿದಾಗ ಗೊತ್ತಿತ್ತು."

"ಮತ್ಯಾಕೆ ಸರ್?"

"ನಿಜ ಹೇಳ್ಬೇಕಾದ್ರೆ, ನಾನು ಕಂಪನಿ ನಡೆಸೋನಲ್ಲ, ಬಸ್ಸಿನ ಗುಮಾಸ್ತ, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಮೊದಲು ಹೇಳ್ಬೇಕಾಗಿತ್ತು. ಅದನ್ನ ನಿನ್ನ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೋ. ನನ್ನ ಮಾತನ್ನ ಭಾಗಿಸದೆ ಕೇಳ್ತಿದ್ದೋನು ನೀನೊಬ್ನೇ."

ಪರದೆಯ ಆಚೆ ಯಾರೋ ಊಟಕ್ಕೆ ಕರೆಯುತ್ತಿದ್ದರು. ಶಾರದಮ್ಮನ ನಗು ಕೇಳಿಸುತ್ತಿತ್ತು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಇಂಚರಾ ಚಾಕೊಲೇಟಿನ ಕಾಗದ ಅರ್ಧ ಬಿಚ್ಚಿದವಳು ಹಾಗೇ ಹಿಡಿದುಕೊಂಡಿದ್ದಳು.

"ಟ್ರ್ಯಾಕ್ಟರಿನೋರು ಬೇರೆಯವರನ್ನ ತಗೊಂಡಾಯ್ತು," ಎಂದಳು ಧಾರಿಣಿ, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನ ಮುಖ ನೋಡಿದಳು. "ಈಗ ಒಂದೇ ಒಂದು ನಿಜ ಹೇಳಿ. ಬ್ಯಾಂಕಿನವರು ದುಡ್ಡು ಹಾಕ್ತಾರಾ? ಕಂಪನಿ ಉಳಿಯತ್ತಾ?"

ನಾಲಿಗೆಯ ತುದಿಗೆ ಎಷ್ಟೊಂದು ಉತ್ತರಗಳು ಬಂದವು. ಜನವರಿಯ ಲಡ್ಡು ಬಂತು, ಲಂಡನ್ನಿನವರು ತೆಗೆದ ನವಿಲಿನ ಫೋಟೋ ಬಂತು, ಹೊಸ ಸರ್ದಾರ್ಜಿಗಳು ಬಂದರು. ಒಂದೊಂದನ್ನೂ ಉಗುಳಿನ ಜೊತೆ ನುಂಗಿದೆ.

"ನನಗೆ ಗೊತ್ತಿಲ್ಲಮ್ಮ," ಅಂದೆ. "ನನಗೆ ಯಾವತ್ತೂ ಏನೂ ಗೊತ್ತಿರ್ಲಿಲ್ಲ. ಗೊತ್ತಿದ್ದದ್ದು ಬಸ್ಸಿನ ವಿಷಯ ಒಂದೇ. ಅದನ್ನೇ ಹೇಳಲಿಲ್ಲ."